ಸಮ್ಮು ಅವ್ವ ಅನ್ನುವುದು ನಿಮಗೆ

ಅಕ್ಕಾರ,

ಸಮ್ಮುವನ್ನು ಕಂಕುಳಲ್ಲಿ ಎತ್ತಿಕೊಂಡು ಗಿರಣಿಗೆ ಹೋದವರು ನೀವು ಇನ್ನೂ ಬಂದಿಲ್ಲ. ಮುದ್ದೇಬಿಹಾಳದ ಬಾಡಿಗೆ ಮನೆಯವರು ಹನ್ನೊಂದಕ್ಕೆ ಬರಹೇಳಿದ್ದಾರೆ, ನಾನು, ಇವರು ಇಬ್ಬರೂ ಹೊರಟೆವು. ಸಂಜೆಗೆ ಬರುತ್ತೇವೆ.

ಭಾವನವರ ಬುತ್ತಿ ಒಲೆಯ ಪಕ್ಕದಲ್ಲಿದೆ, ಹೊಲಕ್ಕೆ ಕಳಿಸಿ.

ಹಾಲು ಕಾಯಿಸಿದ್ದೇನೆ. ಸಮ್ಮುಗೆ ಸಕ್ಕರೆ ಹಾಕಬೇಡಿ. ನೀವು ಬೆಲ್ಲ ಹಾಕುತ್ತೀರಿ, ಗೊತ್ತಿದೆ. ಮಧ್ಯಾಹ್ನ ಹಾಲಿನಲ್ಲಿ ರೊಟ್ಟಿ ಮುರಿದು ತಿನ್ನಿಸಿ. ನನ್ನ ಕೈಯಿಂದಾದರೆ ಬಾಯಿ ತೆರೆಯುವುದಿಲ್ಲ.

ಇವರಿಗೆ ಮುದ್ದೇಬಿಹಾಳಕ್ಕೆ ವರ್ಗವಾಗಿ ಲುಧಿಯಾನಾ ಬಿಟ್ಟಾಗ ನಾಲ್ಕು ದಿನ ಕಾರಿನಲ್ಲಿ ನನ್ನ ತೊಡೆ ಬಿಟ್ಟಿಳಿಯದ ಹುಡುಗಿ ಇದು. ಮಸೂತಿ ಊರಿನ ನಿಮ್ಮ ಮನೆಗೆ ಬಂದು ಇಪ್ಪತ್ತು ದಿನವಾಯಿತು, ಈಗ ನೀರಿಗೂ ನಿಮ್ಮನ್ನೇ ಕೇಳುತ್ತಾಳೆ. ದೊಡ್ಡವ್ವ ಅನ್ನಲು ನಾಲಿಗೆ ಹೊರಳದೆ ನಿಮ್ಮನ್ನು ಅವ್ವ ಅನ್ನುತ್ತಾಳೆ. ನಾನು ಮಮ್ಮಿ. ನಿನ್ನೆ ಓಣಿಯವರ ಮುಂದೆ ನೀವು, "ಹಡದಾಕಿ ಸುರೇಖಾ, ಅವ್ವ ಆದಾಕಿ ನಾ ನೋಡ್ರಿ" ಅಂದಿರಿ. ನಾನೂ ನಕ್ಕೆ. ಆಮೇಲೆ ಉಣ್ಣಲು ಕೂತವಳು ಅರ್ಧ ರೊಟ್ಟಿಗೇ ಎದ್ದೆ. ಅದು ಹೊಟ್ಟೆಕಿಚ್ಚೇ, ಬೇರೆ ಹೆಸರು ಯಾಕೆ? ಮಮ್ಮಿ ಅನ್ನು ಅಂತ ಕಲಿಸಿದವಳು ನಾನೇ, ಯಾರನ್ನು ಬೈಯಲಿ?

ಹಾಗಾಗಿ ಇವತ್ತು ಮನೆ ಹೇಗಿದ್ದರೂ ಒಪ್ಪಿಕೊಂಡೇ ಬರುತ್ತೇನೆ. ನಳದಲ್ಲಿ ಎಂಟು ದಿನಕ್ಕೊಮ್ಮೆ ನೀರು ಬಂದರೂ ಸರಿ. ನೀವು ಬೇಸರ ಮಾಡಿಕೊಳ್ಳಬೇಡಿ, ನಿಮ್ಮದೇನೂ ತಪ್ಪಿಲ್ಲ. ಆದರೆ ಇನ್ನೊಂದು ತಿಂಗಳು ಇಲ್ಲೇ ಇದ್ದರೆ ಅವಳು ನನ್ನ ಹಿಂದೆ ಕಾರು ಹತ್ತುವುದಿಲ್ಲ.

ಮಲಗಿ ಎದ್ದು, ನಾನು ಕಾಣದೆ ಅತ್ತರೆ ಫೋನ್ ಮಾಡಿ. ಅಳದಿದ್ದರೂ ಮಾಡಿ, ಸ್ವಲ್ಪ ಅತ್ತಳು ಅಂತ ಹೇಳಿ.

ಸುರೇಖಾ