ಒಂದು ಗೇಣು ಹಿಂದಿನ ಕುರ್ಚಿ

ಕ್ಲಿನಿಕ್ಕಿನ ಮೇಲಂತಸ್ತಿನಿಂದ
ನವೆಂಬರ್ 12, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಹೇಗಿದ್ದೀಯೆ? ಚಳಿ ಶುರುವಾದರೆ ಕಟ್ಟಿಕೊಳ್ಳುವ ನಿನ್ನ ಎದೆ ಈಗ ಹೇಗಿದೆ? ಊಟದ ಮೇಜಿನಿಂದ ಎದ್ದು ನೀನು ಮನೆ ಬಿಟ್ಟು ಇಪ್ಪತ್ತಾರು ವರ್ಷವಾಯಿತು. ಈ ವಿಳಾಸವಾದರೂ ಸರಿಯೋ ಏನೋ. ನಾನು ಚೆನ್ನಾಗಿದ್ದೇನೆ, ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನೀನು ಬಿಟ್ಟುಹೋದ ಕವಿತೆಯ ಪುಸ್ತಕ ನನ್ನಲ್ಲೇ ಇದೆ. ನೀನು ಗುರುತಿಗೆ ಎಲೆಯಿಟ್ಟ ಪುಟವೊಂದನ್ನು ಬಿಟ್ಟು ಉಳಿದದ್ದೆಲ್ಲ ಬಾಯಿಪಾಠ.

ನನ್ನ ಕೆಲಸದ ಬಗ್ಗೆ ನಿನಗೆ ಗೊತ್ತಿಲ್ಲ. ಮಂಗಳವಾರ ಬೆಳಿಗ್ಗೆ ಏಳು ಜನ ಬರುತ್ತಾರೆ, ದುಂಡಗೆ ಕೂತು ಮನಸ್ಸಿನ ನೋವು ಹೇಳಿಕೊಳ್ಳುತ್ತಾರೆ. ಒಬ್ಬರನ್ನೊಬ್ಬರು ಹರಿದು ತಿನ್ನದಂತೆ ಕಾಯುವುದು ನನ್ನ ಕೆಲಸ. ಕುರ್ಚಿಗಳನ್ನೂ ನಾನೇ ಜೋಡಿಸುತ್ತೇನೆ. ಗ್ರಂಥಾಲಯದಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಬಾಗಿಲ ಪಕ್ಕ ಕೂರುತ್ತಿದ್ದಳು, ತುಟಿ ಬಿಚ್ಚುತ್ತಿರಲಿಲ್ಲ. ಗುಂಪಿನಲ್ಲಿರುವ ಟೈಲರ್ ಒಬ್ಬ ಮೊದಲು ತಮಾಷೆಗೆ ಕೆಣಕಿದ: "ಬಾಯಿಗೆ ಹೊಲಿಗೆ ಹಾಕ್ಕೊಂಡು ಬಂದಿದ್ದೀರಾ ಮೇಡಂ? ಬಿಚ್ಚೋಕೆ ನನಗೆ ಬರುತ್ತೆ." ಎಲ್ಲರೂ ನಕ್ಕರು. ಕಳೆದ ವಾರ ನಗುವಿರಲಿಲ್ಲ, ಉಳಿದ ಆರೂ ಜನ ಮಾತಿನಲ್ಲೇ ಒಟ್ಟಿಗೆ ಅವಳ ಮೇಲೆ ಬಿದ್ದರು. ನಾನು ತಡೆಯಬೇಕಿತ್ತು. ತಡೆಯಲಿಲ್ಲ ಕಣೇ. ಅವಳ ಬಗ್ಗಿದ ತಲೆ ನೋಡುತ್ತ ನನ್ನೊಳಗೆ ಬೆಚ್ಚನೆಯ ಹಿತವೊಂದು ಹರಡಿತು. ಗುಂಪು ಕೊನೆಗೂ ಒಂದಾಯಿತು ಎಂದು ಟಿಪ್ಪಣಿ ಬರೆದುಕೊಂಡೆ. ಆಗ, ಎಲ್ಲರನ್ನೂ ಬಹುವಚನದಲ್ಲೇ ಮಾತಾಡಿಸುವ ನಿವೃತ್ತ ಮೇಷ್ಟ್ರು ನಿಧಾನವಾಗಿ ಅಂದರು: "ಇವಳು ಬಂದ್ರೆ ಕೋಣೆ ತಣ್ಣಗಾಗುತ್ತೆ." ಅಪ್ಪ ನಿನಗೆ ಅನ್ನುತ್ತಿದ್ದ ಮಾತು. ಅದೇ ರಾಗ, ಕೊನೆಯಲ್ಲಿ ಅದೇ ಸಣ್ಣ ಕೆಮ್ಮು. ಅದನ್ನು ಈ ಊರಲ್ಲಿ ನಾನು ಯಾರಿಗೂ ಹೇಳಿದವಳಲ್ಲ.

ಎಲ್ಲರೂ ಹೋದ ಮೇಲೆ ನೋಡಿದೆ. ಅವಳ ಕುರ್ಚಿ ಉಳಿದವುಗಳಿಗಿಂತ ಒಂದು ಗೇಣು ಹಿಂದಿತ್ತು. ಅದರ ನಾಲ್ಕು ಕಾಲುಗಳ ಗುರುತು ನೆಲಹಾಸಿನಲ್ಲಿ ಆಳವಾಗಿ ಒತ್ತಿಕೊಂಡಿತ್ತು. ಎಷ್ಟೋ ವಾರಗಳಿಂದ ನನ್ನ ಕೈ ಅದನ್ನು ಅಲ್ಲೇ ಇಡುತ್ತಿತ್ತು.

ಇವತ್ತು ಟೇಪು ಹಿಡಿದು ಅಳೆದು ಎಂಟೂ ಕುರ್ಚಿಗಳನ್ನು ಸಮನಾಗಿ ಇಟ್ಟೆ. ಅವಳು ಬರಲಿಲ್ಲ. ನೀರು ತರಲು ಹೋಗಿ ಬರುವಷ್ಟರಲ್ಲಿ ಉಳಿದ ಆರು ಜನ ಕೂತಿದ್ದರು, ಒಂದು ಕುರ್ಚಿ ಗೇಣುದ್ದ ಹಿಂದೆ ಸರಿದಿತ್ತು. ಅದು ನನ್ನದು. ಕೋಣೆ ನಿಜಕ್ಕೂ ತಣ್ಣಗಾಗಿತ್ತು. ಹೋಗಿ ಅದರಲ್ಲೇ ಕೂತೆ.

ಅವಳಿಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡುತ್ತೇನೆ. ಎದೆಗೆ ಬೆಚ್ಚಗೆ ಏನಾದರೂ ಸುತ್ತಿಕೋ. ಎಲ್ಲಿದ್ದರೂ ನಿನ್ನ ಪಕ್ಕ ಯಾರಾದರೂ ಹತ್ತಿರ ಕೂರುವವರಿರಲಿ.

ನಿನ್ನ ಅಕ್ಕ

ತಾ.ಕ.: ಧೈರ್ಯ ಉಡುಗುವ ಮುಂಚೆ ಬರೆದುಬಿಡುತ್ತೇನೆ. ಮನೆಯಲ್ಲಿ ಊಟಕ್ಕೆ ಕುರ್ಚಿ ಹಾಕುತ್ತಿದ್ದವಳು ನಾನು. ಅಪ್ಪನ ಸಿಟ್ಟಿನ ಕಣ್ಣು ನನ್ನ ಬದಲು ನಿನ್ನ ಮೇಲೆ ಬೀಳಲಿ ಎಂದು ದಿನವೂ ನಿನ್ನದನ್ನು ಒಂದು ಗೇಣು ಹಿಂದಕ್ಕೆ ಎಳೆದಿಡುತ್ತಿದ್ದೆ. ಕೋಣೆ ತಣ್ಣಗಾಗುವ ಮಾತನ್ನು ಅಪ್ಪನ ಕಿವಿಗೆ ಮೊದಲು ಹಾಕಿದವಳೂ ನಾನೇ.