ಹಸಿರು ಕಂಪ್ಯೂಟರಿನ ವಯಸ್ಸು

೮ ನವೆಂಬರ್, ಶನಿವಾರ. ಆಳಂದ

'ಮರದ ವಯಸ್ಸನ್ನು ನೆರಳಿಗೆ ಕೇಳಬೇಡ'... ಹೀಗೇ ಇತ್ತೇ ಆ ಸಾಲು? ಎಲ್ಲಿ ಓದಿದ್ದೆಂದೂ ನೆನಪಿಲ್ಲ. ಕೇಳಬಾರದೇಕೆ? ಮರ ಬಾಯಿ ಬಿಡದಿದ್ದರೆ ಇನ್ಯಾರನ್ನು ಕೇಳುವುದು.

ಚಹಾ ಕುಡಿಯುತ್ತ ಈ ಯೋಚನೆ. ಎದುರಿಗೆ ಮೇಜಿನ ಮೇಲೆ ಪಕ್ಕದ ಮನೆಯ ಶರೀಫಾಬಿ ಆಪಾ ಅವರ ಕಂಪ್ಯೂಟರ್. ಅವರ ಪತಿ ಶರಫುದ್ದೀನ ಸಾಹೇಬರು ೧೯೯೧ರಲ್ಲಿ ಸೊಲ್ಲಾಪುರದಿಂದ ತಂದು, ಪಡಸಾಲೆಯಲ್ಲೇ ಹುಡುಗಿಯರಿಗೆ ಕ್ಲಾಸ್ ತೆರೆದರಂತೆ. ನಾಲ್ಕೇ ವರ್ಷಕ್ಕೆ ತೀರಿಹೋದರು. ಆಪಾ ಕ್ಲಾಸ್ ನಿಲ್ಲಿಸಲಿಲ್ಲ.

ಈಗ ಆ ಕಂಪ್ಯೂಟರನ್ನು ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಇಡುತ್ತಾರೆ. ಫಲಕವೂ ಆಗಬೇಕು — ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲ್ಲೂಕಿನಲ್ಲಿ ಹುಡುಗಿಯರು ಕಲಿತ ಮೊದಲ ಕಂಪ್ಯೂಟರ್ ಎಂದು. ಅಫಜಲಪುರದವರೊಬ್ಬರ ತಕರಾರು: ತಮ್ಮ ಕ್ಲಾಸ್ ೧೯೯೩ರದು, ತಮ್ಮದೇ ಮೊದಲು. ಆಪಾ ಹತ್ತಿರ ಬಿಲ್ ಇಲ್ಲ, ಮಾತು ಮಾತ್ರ ಇದೆ. ಇಸವಿ ಸಿಗದಿದ್ದರೆ ಎಪ್ಪತ್ತು ದಾಟಿದ ಹೆಂಗಸು ಊರ ಮುಂದೆ ಸುಳ್ಳುಗಾರ್ತಿ ಆಗುತ್ತಾರೆ. ಹುಡುಕುವ ಕೆಲಸ ನಾನೇ ಕೇಳಿ ತೆಗೆದುಕೊಂಡೆ.

೯ ನವೆಂಬರ್, ಭಾನುವಾರ

ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಸೂರ್ಯಕಾಂತ ಬಂದ. ಸ್ವಿಚ್ ಹಾಕಿದ. ಒಂದು ಗಳಿಗೆ ಏನೂ ಇಲ್ಲ... ಆಮೇಲೆ ಫ್ಯಾನಿನ ಗರಗರ, ಕಪ್ಪು ಪರದೆ, ಬಿಳಿ ಅಕ್ಷರ. ಇಷ್ಟು ವರ್ಷದ ಮೇಲೂ. ತಾರೀಖು: ೧ ಜನವರಿ ೧೯೮೦.

"ಮೇಡಂ, ತಾಲ್ಲೂಕಿಗೆ ಎಲ್ಲಿಂದ್ರಿ, ಇದು ದೇಶಕ್ಕೇ ಮೊದ್ಲು ಆಯ್ತಲ್ರಿ," ಎಂದು ನಕ್ಕ. ಒಳಗಿನ ಬ್ಯಾಟರಿ ಸತ್ತರೆ ಗಡಿಯಾರ ಅಲ್ಲಿಗೇ ಹೋಗಿ ಕೂಡುತ್ತದಂತೆ. "ಅದನ್ನ ನಂಬಬ್ಯಾಡ್ರಿ. ಚಿಪ್ ನೋಡೋಣು."

ಮುಚ್ಚಳ ಬಿಚ್ಚಿದೆವು. ಬೋರ್ಡಿನ ಚಿಪ್ಪುಗಳ ಮೇಲೆ ಸಣ್ಣ ಅಂಕಿಗಳು. ಎಲ್ಲಕ್ಕಿಂತ ಹೊಸದು ೯೬೧೪. ತೊಂಬತ್ತಾರನೇ ಇಸವಿ, ಹದಿನಾಲ್ಕನೇ ವಾರ. ಬೋರ್ಡು ಅದಕ್ಕಿಂತ ಮೊದಲು ಹುಟ್ಟಿರಲಾರದು.

ಸೂರ್ಯಕಾಂತನ ನಗು ಹೋಯಿತು. "ಆಪಾಗ ಯಾರ್ ಹೇಳೋರ್ರಿ?"

೧೭ ನವೆಂಬರ್

ಹೇಳಿಲ್ಲ. ಗಾಣಗಾಪುರಕ್ಕೆ ಹೋಗುವುದಿತ್ತು, ಪೇಪರ್ ತಿದ್ದುವುದಿತ್ತು... ನೆಪ. ಹಿತ್ತಲ ಬಾಗಿಲಿನಿಂದ ಓಡಾಡುತ್ತಿದ್ದೇನೆ.

೧೯ ನವೆಂಬರ್, ಸಂಜೆ

ಇವತ್ತು ಹೊರಮೈ ನೋಡಿದೆ. ಡಬ್ಬಿ ಪೂರ್ತಿ ಹಸಿರು ಎಣ್ಣೆಬಣ್ಣ. ರಮಜಾನ್ ಮುಂದೆ ಮನೆಗೆ ಬಣ್ಣ ಹೊಡೆಸುವಾಗ ಅಲಮಾರಿ, ಟ್ರಂಕುಗಳ ಜೊತೆ ಇದಕ್ಕೂ ಹೊಡೆದುಬಿಟ್ಟಿದ್ದಾರೆ. ಒಂದಲ್ಲ, ಎಷ್ಟೋ ಸಲ. ಹಿಂಬದಿಯ ಮೂಲೆಯಲ್ಲಿ ಬಣ್ಣದಡಿ ಏನೋ ಉಬ್ಬಿತ್ತು. ಥಿನ್ನರ್ ಬಟ್ಟೆಯಿಂದ ಉಜ್ಜಿದೆ. ತಗಡಿನ ಪಟ್ಟಿ, ಸೀರಿಯಲ್ ನಂಬರಿನ ಪಕ್ಕ ಒತ್ತಿದ ಇಸವಿ — ೧೯೯೧. ಫ್ಲಾಪಿ ಡ್ರೈವಿನ ಚೀಟಿಯಲ್ಲೂ ಅದೇ.

ಅಂದರೆ ಡಬ್ಬಿ ಮೊದಲಿನದು, ಬೋರ್ಡು ಆಮೇಲಿನದು. ಕೀಬೋರ್ಡ್ ಸಿಗಿಸುವ ತೂತು ಕಾರ್ಖಾನೆಯದಲ್ಲ. ಹೊಸ ಬೋರ್ಡು ಕೂಡಲೆಂದು ಯಾರೋ ತಗಡು ಕೊರೆದಿದ್ದಾರೆ, ಅಂಚನ್ನು ಅರದಿಂದ ತಿಕ್ಕಿದ್ದಾರೆ. ಬೆರಳಾಡಿಸಿದೆ. ಎಲ್ಲಿಯೂ ಚುಚ್ಚಲಿಲ್ಲ. ಹುಡುಗಿಯರ ಕೈ ಹೋಗುವ ಜಾಗ ಅದು... ಯಾರಿಗೂ ಕಾಣದ ಅಂಚಿಗೆ ಇಷ್ಟು ತಾಳ್ಮೆ.

೨೦ ನವೆಂಬರ್

ಪಟ್ಟಿ ನೋಡಿ ಸೂರ್ಯಕಾಂತ ಒಪ್ಪಿದ. ಕಾಲೇಜೂ ಒಪ್ಪಿತು. ಫಲಕಕ್ಕೆ ಬರೆದೆ: 'ಶರಫುದ್ದೀನ ಅವರು ತಂದದ್ದು, ೧೯೯೧.' ತೋರಿಸಲು ಹೊರಡುವಷ್ಟರಲ್ಲಿ ಆಪಾ ಅವರೇ ಬಾಗಿಲಿಗೆ ಬಂದರು.

"ವಾರ ದಾಟ್ತು, ಹಿತ್ತಲದಿಂದ ಅಡ್ಡಾಡಾಕತ್ತೀರಿ. ನಾ ಏನ್ ಕಚ್ತೇನೇನ್ರಿ?"

ಫಲಕದ ಸಾಲು ಬರೆದ ಚೀಟಿ ಕೊಟ್ಟೆ. ಕನ್ನಡಕ ಏರಿಸಿ ಓದಿದರು. ಗಂಡನ ಹೆಸರಿನ ಮೇಲೆ ಬೆರಳು ನಿಂತಿತು. ಒಳಗಿನ ಬೋರ್ಡು ಮಾತ್ರ ತೊಂಬತ್ತಾರರದು, ಅದನ್ನು ಬರೆದಿಲ್ಲ ಎಂದೆ. ಚೀಟಿ ನನ್ನ ಕೈಗೇ ಮರಳಿಸಿದರು.

"ಅದೂ ಬರೀರಿ, ಮೇಡಂ. ತೊಂಬತ್ತೊಂದು ಅವ್ರದು. ಅವ್ರು ಹೋದ ಮರುವರ್ಷ ಡಬ್ಬಿನೂ ಸತ್ತಿತ್ತು. ತಗಡು ಕೊರ್ದು ಎಬ್ಬಿಸಿದಾಕಿ ನಾನು."