ಸುಳಿಯ ಮೇಲಿನ ಗೆರೆ

ಮಾರ್ಚ್ ೬, ಸಂಜೆ

ಮೂರು ಮನೆ, ಹನ್ನೊಂದು ಪೈನ್ ಮರ. ಬೆಳಿಗ್ಗೆಯಿಂದ ಹುಲ್ಲಿನ ಚಾಪೆ ಬಿಚ್ಚಿದ್ದೇ ಬಿಚ್ಚಿದ್ದು. ಪಂಚಾಂಗದ ಪ್ರಕಾರ ಇವತ್ತು ಹುಳುಗಳು ನಿದ್ದೆಯಿಂದ ಏಳುವ ದಿನ. ಅವು ಏಳುವ ಮೊದಲೇ ಚಳಿಗಾಲಕ್ಕೆಂದು ಮರಕ್ಕೆ ಸುತ್ತಿದ ಚಾಪೆ ಬಿಚ್ಚಿ, ಹುಳುಸಮೇತ ಸುಡಬೇಕು. ನಲವತ್ತಾರು ವರ್ಷದ ತೋಟಗಾರಿಕೆಯಲ್ಲಿ ಒಂದು ದಿನ ಹಿಂದೆ ಮುಂದೆ ಮಾಡಿದವನಲ್ಲ ನಾನು. ಸೊಂಟ ಮಾತ್ರ ಪಂಚಾಂಗ ನೋಡದೆ ನೋಯುತ್ತದೆ.

ಮೂರು ಗಂಟೆಗೆ ಮನೆ. ಕೊನೆಯದು ನಮ್ಮದೇ ತಾಳೆ. ಸೆತ್ಸು ಏಣಿ ಹಿಡಿದಳು. ಹೊರಗಿನ ಚಾಪೆ ಒಣಗಿತ್ತು, ಒಳಗಿನದು ಒದ್ದೆ. ಕಟ್ಟಿದ ಗರಿಗಳ ನಡುವೆ ಕೈ ಹಾಕಿದರೆ ಬೆಚ್ಚಗೆ... ವಾಸನೆ ಬೇರೆ. ಡಬ್ಬಿಯಲ್ಲಿ ಮರೆತುಹೋದ ಮೂಲಂಗಿ ಉಪ್ಪಿನಕಾಯಿಯದು.

"ಏನ್ರೀ ಅದು ವಾಸನೆ?" ಅಂದಳು ಕೆಳಗಿನಿಂದ.

ಹುಲ್ಲು ಅಂದೆ. ಮತ್ತೆ ಕೇಳಲಿಲ್ಲ. ಮದುವೆಯಾಗಿ ಮೂವತ್ತೊಂಬತ್ತು ವರ್ಷ. ಅವಳು ಮತ್ತೆ ಕೇಳಲಿಲ್ಲವೆಂದರೆ ನಂಬಲಿಲ್ಲ ಎಂದೇ ಅರ್ಥ.

ಫೆಬ್ರವರಿಯಲ್ಲಿ ಹತ್ತು ದಿನ ಬಿಸಿಲು ಬಂದಿತ್ತು. ಮೊರಿಯೊಕಾದಲ್ಲಿ ಅಂಥ ಫೆಬ್ರವರಿ ನಾನು ಕಂಡಿದ್ದಿಲ್ಲ. ಚಾಪೆ ಬಿಚ್ಚಿಬಿಡಿ, ಒಳಗೆ ಬೇಯುತ್ತದೆ ಅಂತ ಆಗಲೇ ಹೇಳಿದ್ದಳು. ದಿನ ಬರಲಿ ಅಂದಿದ್ದೆ. ಪಂಚಾಂಗ ತಪ್ಪಲ್ಲ. ಇವತ್ತೂ ಅದನ್ನೇ ಹೇಳುತ್ತೇನೆ.

ಮಾರ್ಚ್ ೭

ಸುಳಿ ನೆಟ್ಟಗೆ ನಿಂತಿದೆ. ಹಸಿರೂ ಇದೆ, ಸ್ವಲ್ಪ ಮಂಕು. ತಾಳೆಗೆ ಇರುವುದು ಅದೊಂದೇ ಸುಳಿ. ಪೈನ್ ಆದರೆ ಒಂದು ಕೊಂಬೆ ಹೋದರೆ ಇನ್ನೊಂದನ್ನು ಬಾಗಿಸಿ ಕಟ್ಟಬಹುದು. ಇದಕ್ಕೆ ಸುಳಿ ಕೊಳೆತರೆ ಮುಗಿಯಿತು ಕಥೆ.

ಹಿಡಿದು ಎಳೆದು ನೋಡಬೇಕು. ಕೊಳೆತಿದ್ದರೆ ಕೈಗೆ ಬರುತ್ತದೆ. ಎಳೆಯಲಿಲ್ಲ. ಧೈರ್ಯ ಇದ್ದವರು ಎಳೆಯಲಿ.

ಅದರ ಬದಲು ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆದೆ. ಸುಳಿಯ ಮೇಲಿಂದ ಶುರು ಮಾಡಿ ಪಕ್ಕದ ಹಳೆಯ ಗರಿಯ ದಂಟಿನವರೆಗೆ, ಅಡ್ಡಡ್ಡ. ಹಳೆಯ ದಂಟು ಬೆಳೆಯುವುದಿಲ್ಲ. ಸುಳಿ ಜೀವಂತವಾಗಿದ್ದರೆ ಮೇಲೇರುತ್ತದೆ, ಗೆರೆ ಎರಡಾಗುತ್ತದೆ. ಸತ್ತಿದ್ದರೆ ಒಂದೇ ಆಗಿರುತ್ತದೆ. ಸುಳ್ಳು ಹೇಳಲು ಬಾರದ ಸಾಕ್ಷಿ.

ಮಾರ್ಚ್ ೨೦

ಗೆರೆ ಒಂದೇ.

ತೊರಾಜಿ ಅಣ್ಣ ಬಂದಿದ್ದ. ಒಂದೇ ಗುರುವಿನ ಕೈಕೆಳಗೆ ಕತ್ತರಿ ಹಿಡಿದವರು ನಾವು. ಅವನು ನನಗಿಂತ ನಾಲ್ಕು ವರ್ಷ ಮುಂಚೆ ಸೇರಿದ, ಆ ನಾಲ್ಕು ವರ್ಷವನ್ನು ಇವತ್ತಿಗೂ ಹೆಗಲ ಮೇಲೆ ಹೊತ್ತು ತಿರುಗುತ್ತಾನೆ. ಹಿಮದಲ್ಲಿ ತಾಳೆ ಸಾಕುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಅಂತ ಇಪ್ಪತ್ತೆರಡು ವರ್ಷದಿಂದ ಹೇಳುತ್ತಿದ್ದಾನೆ. ಇವತ್ತು ಹೊಸದೊಂದು ಸೇರಿಸಿದ. ತಾಳೆ ಸೂರಿಗಿಂತ ಎತ್ತರ ಬೆಳೆದರೆ ಮನೆಯ ಯಜಮಾನ ಹೋಗುತ್ತಾನಂತೆ, ಹಿರಿಯರ ಮಾತಂತೆ. ಅದು ಸೂರು ದಾಟಿ ಆರು ವರ್ಷವಾಯಿತು, ಬೆಳಿಗ್ಗೆ ನಾನು ಎರಡು ಬಟ್ಟಲು ಅನ್ನ ಉಂಡೆ ಅಂದೆ.

"ಈಗ ಅದೇ ಹೋಗ್ತಿದೆಯಲ್ಲಪ್ಪಾ, ನಿನ್ನ ಬದಲು," ಅಂದ.

ಚಹಾ ಅರ್ಧಕ್ಕೇ ಬಿಟ್ಟು ಒಳಗೆ ಎದ್ದುಹೋದಳು ಸೆತ್ಸು.

ಏಪ್ರಿಲ್ ೨೯

ಊರೆಲ್ಲ ಚೆರಿ ಹೂವು. ಗೆರೆ ಒಂದೇ. ಸುಳಿ ಹಳದಿಯಾಗುತ್ತಿದೆ.

ಕೆಳಬೀದಿಯ ದೇಗುಲದ ಗುರು ಗೆನ್ಶೋ ಮನೆಗೆ ಬಂದರು. ಕಳೆದ ವರ್ಷದ ಕೊನೆಯ ರಾತ್ರಿ ನೂರೆಂಟು ಸಲ ಗಂಟೆ ಹೊಡೆಯುವಾಗ ಎಪ್ಪತ್ತೊಂದನೆಯ ಹೊಡೆತಕ್ಕೆ, ಹಗ್ಗದಲ್ಲಿ ತೂಗುಬಿಟ್ಟು ಗಂಟೆಗೆ ಬಡಿಯುವ ಮರದ ದಿಮ್ಮಿ ಸೀಳಿತ್ತು. ಹೊಸ ದಿಮ್ಮಿ ಬೇಕು. ತಾಳೆಯದೇ ಒಳ್ಳೆಯದು, ನಾರು ಮೆತ್ತಗೆ, ಗಂಟೆಗೆ ಪೆಟ್ಟಾಗುವುದಿಲ್ಲ, ನಾದವೂ ಗುಂಡಗೆ ಬರುತ್ತದೆ. ದಕ್ಷಿಣದಿಂದ ತರಿಸೋಣ ಅಂದುಕೊಂಡಿದ್ದರಂತೆ. ಅಷ್ಟರಲ್ಲಿ ಇಲ್ಲೇ ಒಂದು ಸತ್ತಿದೆ ಎಂದು ಕೇಳಿದರಂತೆ.

ಸತ್ತಿದೆ ಅಂತ ಯಾರು ಹೇಳಿದ್ದು ಅಂತ ಕೇಳಿದೆ. ಗುರುಗಳು ಸುಳ್ಳು ಹೇಳುವಂತಿಲ್ಲ. ತೊರಾಜಿ.

ಒಳ್ಳೆಯ ಮನುಷ್ಯ ಗೆನ್ಶೋ. ಮಾತಾಡುವಾಗ ಕಣ್ಣು ಮಾತ್ರ ಕಾಂಡದ ಉದ್ದ ಅಳೆಯುತ್ತಿತ್ತು.

ಮೇ ೧೮

ತೋಟಗಾರರ ಸಂಘದ ಸಭೆ. ಹದಿನಾಲ್ಕು ಜನ, ಒಣ ಬಿಸ್ಕತ್ತು, ತಣ್ಣನೆ ಚಹಾ. ತೊರಾಜಿ ಎದ್ದು ನಿಂತು ದೇಗುಲದ ದಿಮ್ಮಿಯ ವಿಷಯ ತೆಗೆದ. ಸಂಘದ ಪರವಾಗಿ ಯಾಸೊಕಿಚಿ ತನ್ನ ಮರ ದಾನ ಮಾಡಿದರೆ ಎಲ್ಲರಿಗೂ ಹೆಸರು ಅಂದ. ಎಲ್ಲರೂ ನನ್ನ ಮುಖ ನೋಡಿದರು. ಕೊಡುವುದಿಲ್ಲ ಅಂದರೆ ಜಿಪುಣ, ಕೊಡುತ್ತೇನೆ ಅಂದರೆ ಸೋತವ. ಅವನು ಹೆಣೆದದ್ದೇ ಹಾಗೆ. ಎದ್ದು ನಿಂತು ಗೆರೆ ಎಳೆದ ಕಥೆ ಹೇಳಿದೆ.

ಆಡಿದ ಮಾತನ್ನು ಆಡಿದ ಹಾಗೆ ಬರೆದಿಡುತ್ತೇನೆ: "ಹಿಗಾನ್‌ವರೆಗೂ ಬಿಡಿ. ಅಷ್ಟರೊಳಗೆ ಗೆರೆ ಒಡೀಲಿಲ್ಲ ಅಂದ್ರೆ ನಾನೇ ಗರಗಸ ಹಿಡೀತೀನಿ, ದಿಮ್ಮಿನೂ ನಾನೇ ಹೊತ್ತು ತರ್ತೀನಿ."

ಹಿಗಾನ್, ಅಂದರೆ ಸೆಪ್ಟೆಂಬರಿನಲ್ಲಿ ಹಗಲು ರಾತ್ರಿ ಸಮವಾಗುವಾಗ, ಹಿರಿಯರ ಸಮಾಧಿಗೆ ಹೋಗುವ ಕಾಲ. ಅಷ್ಟು ದಿನ ಸಾಕು.

ಮನೆಗೆ ಬಂದು ಹೇಳಿದೆ. ಸೆತ್ಸು ಪಾತ್ರೆ ತೊಳೆಯುತ್ತಿದ್ದಳು. ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಟ್ಟಳು.

ಜುಲೈ ೧೧, ಬೆಳಿಗ್ಗೆ ೭

ಒಡೆದಿದೆ. ಗೆರೆ ಒಡೆದಿದೆ.

ಕಿರುಬೆರಳಿನ ಅಗಲ. ಸುಳಿಯ ಮೇಲಿನ ಅರ್ಧ ಮೇಲೆ, ದಂಟಿನ ಮೇಲಿನ ಅರ್ಧ ಕೆಳಗೆ. ಸತ್ತಿದೆ ಅಂದವರೆಲ್ಲ ಬಂದು ನೋಡಲಿ. ತೊರಾಜಿಗೆ ಫೋನ್ ಮಾಡಿದೆ. ಹೂಂ ಅಂದ. ಅವನು ಹೂಂ ಅಂದದ್ದನ್ನು ಕೇಳಿ ಎಷ್ಟು ವರ್ಷವಾಗಿತ್ತೋ. ಮಧ್ಯಾಹ್ನ ಸೆತ್ಸುಗೆ ಅವಳ ಇಷ್ಟದ ತಣ್ಣನೆ ಶಾವಿಗೆ ಕೊಡಿಸಿದೆ. ಉಂಡದ್ದು ಕಡಿಮೆ. ಸೆಕೆ ಅಂದಳು.

ಜುಲೈ ೧೪

ಮಳೆ ನಿಂತ ಮೇಲೆ ಹತ್ತಿದೆ. ಇನ್ನೆಷ್ಟು ಏರಿದೆಯೋ ನೋಡೋಣ ಅಂತ ಸುಳಿಯನ್ನು ಎರಡು ಬೆರಳಲ್ಲಿ ಹಿಡಿದೆ. ಹಿಡಿದದ್ದು ಅಷ್ಟೇ. ಕೈಗೆ ಬಂತು. ಬುಡ ಕಪ್ಪು, ಲೋಳೆ. ಅದೇ ಉಪ್ಪಿನಕಾಯಿಯ ವಾಸನೆ.

ಸತ್ತ ಸುಳಿ ತಾನಾಗಿ ಏರುವುದಿಲ್ಲ. ಯಾರೋ ಎಳೆದಿದ್ದಾರೆ. ಮನೆಯಲ್ಲಿ ಇರುವುದು ಇಬ್ಬರು, ಏಣಿ ಒಂದು.

ಕೇಳಿದೆ. ಅವಳು ಬಟ್ಟೆ ಮಡಿಸುವುದನ್ನು ನಿಲ್ಲಿಸಲಿಲ್ಲ.

"ಹೌದು, ನಾನೇ ಎಳೆದೆ. ನೀವು ಮಾತು ಕೊಟ್ಟು ಬಂದ್ರಿ. ನನ್ನನ್ನ ಕೇಳಿದ್ರಾ?"

ಮರ ನಂದು ಅಂದೆ. ಅನ್ನಬಾರದಿತ್ತು.

"ನಮ್ಮಪ್ಪ ಊರವರಿಗೆಲ್ಲ ಕಾಸಿಗೆ ನಡೆಸ್ತಿದ್ದ ಸ್ನಾನದ ಮನೆ ಬಾಯ್ಲರ್ ಗೋಡೆಗೆ ಆನಿಕೊಂಡು ಹುಟ್ಟಿದ್ದು ಅದು. ಯಾವ ಹಕ್ಕಿ ಬೀಜ ತಂತೋ ಏನೋ, ಆ ಬಿಸಿ ಗೋಡೆ ಇತ್ತು ಅಂತ ಬದುಕ್ತು. ಕಟ್ಟಡ ಕೆಡವಿದಾಗ ಕಿತ್ತು ಬಿಸಾಕಿ ಅಂತ ನಿಮಗೆ ಹೇಳಿದ್ರು, ನೀವು ಹೊತ್ತು ತಂದ್ರಿ. ಅವತ್ತು ಅತ್ತಿದ್ದೆ ನಾನು, ನೀವು ನೋಡ್ಲಿಲ್ಲ. ನಿಮಗೆ ಅದು ತೊರಾಜಿ ಜೊತೆ ಜಿದ್ದು. ನನಗೆ ಅಪ್ಪನದು ಅಂತ ಉಳಿದಿರೋದು ಅದೊಂದೇ."

ಆಮೇಲೆ, ತಗ್ಗಿದ ದನಿಯಲ್ಲಿ: "ಪೈನಿಗೆ ಸುತ್ತಿದ ಹಾಗೆ ಅದಕ್ಕೂ ಸುತ್ತಿದ್ದು ಯಾರು?"

ಆ ಮರದ ಜೊತೆ ಇಪ್ಪತ್ತೆರಡು ವರ್ಷ ಇದ್ದೂ ಗೊತ್ತಾಗಲಿಲ್ಲ ನನಗೆ. ಮರ ಬೇರೆಯಾದರೂ ಪಂಚಾಂಗ ಅದೇ ಅಂದುಕೊಂಡೆ. ಒದ್ದೆ ಗರಿಗಳನ್ನು ಬಿಗಿದು ಕಟ್ಟಿದ್ದು ನಾನು. ಬಿಸಿಲು ಬಂದಾಗ ಬಿಚ್ಚದೆ ದಿನ ಕಾದವನೂ ನಾನೇ. ಬರೆದಾಯಿತು. ಇನ್ನು ಓದಿ ನೋಡುವುದಿಲ್ಲ.

ಜುಲೈ ೧೫

ತೊರಾಜಿಯ ಮನೆಗೆ ಹೋಗಿ ಗೆರೆ ಒಡೆದಿರಲಿಲ್ಲ, ನಾನು ನೋಡಿದ್ದು ತಪ್ಪು ಅಂದೆ. ಸೆತ್ಸು ಹೆಸರು ಎತ್ತಲಿಲ್ಲ. ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. ಕೂತ್ಕೋ ಅಂದು ಚಹಾ ಕೊಟ್ಟ, ಹೋಗಲಿ ಬಿಡು, ನೂರೆಂಟು ಸಲ ಗಂಟೆ ಹೊಡೆಯುವುದೂ ಪುಣ್ಯವೇ ಅಂದ. ನಕ್ಕಿದ್ದರೆ ಸಹಿಸುತ್ತಿದ್ದೆ. ಕನಿಕರ ಮೈ ಉರಿಸಿತು.

ಹಿಗಾನ್‌ಗೆ ಇನ್ನೂ ಎರಡು ತಿಂಗಳಿದೆ ಅಂದು ಎದ್ದುಬಂದೆ.

ಬರುವಾಗ ಔಷಧದಂಗಡಿಯಲ್ಲಿ ಗಾಯಕ್ಕೆ ಹಾಕಿದರೆ ನೊರೆ ಬರುತ್ತದಲ್ಲ, ಆ ಔಷಧ ನಾಲ್ಕು ಬಾಟಲಿ ಕೊಂಡೆ. ಎಲ್ಲಿ ಗಾಯ ಅಂತ ಅಂಗಡಿಯವಳು ಕೇಳಿದಳು. ತಲೆಯಲ್ಲಿ ಅಂದೆ.

ಸುಳಿ ಕಿತ್ತುಬಂದ ಕಡೆ ಹೆಬ್ಬೆರಳು ಇಳಿಯುವಷ್ಟು ತೂತು. ಉದ್ದ ಹಿಡಿಯ ಚಮಚದಿಂದ ಲೋಳೆಯನ್ನೆಲ್ಲ ಕೆರೆದು ತೆಗೆದೆ. ಔಷಧ ಸುರಿದೆ. ಬುಸುಬುಸು ನೊರೆ ಉಕ್ಕಿತು. ನೊರೆ ಕರಗಿ ಕೆಳಗೆ ಬಿಳಿ ಕಾಣುವವರೆಗೆ ಸುರಿದೆ. ಅವಳು ಎಳೆಯದಿದ್ದರೆ ಆ ಕೊಳೆತದ್ದು ಹಿಗಾನ್‌ವರೆಗೂ ಒಳಗೇ ಕೂತು ಬುಡಕ್ಕೆ ಇಳಿದಿರುತ್ತಿತ್ತು. ನನ್ನ ಕೈಯಿಂದ ಆಗದ್ದನ್ನು ಅವಳ ಸುಳ್ಳು ಮಾಡಿತು. ಹೇಳಬೇಕು ಅವಳಿಗೆ. ಇವತ್ತಲ್ಲ.

ಜುಲೈ ೧೬

ತೂತಿಗೆ ಮಳೆ ಇಳಿಯಬಾರದು. ಏನು ಮುಚ್ಚುವುದು ಅಂತ ಅಂಗಳದಲ್ಲಿ ನಿಂತಿದ್ದೆ. ಸೆತ್ಸು ಬಂದು ಒಂದು ಹಳದಿ ಪ್ಲಾಸ್ಟಿಕ್ ಬೋಗುಣಿ ಕೈಗಿಟ್ಟಳು. ಮಾವನ ಸ್ನಾನದ ಮನೆಯದು. ಎಲ್ಲಿ ಇಟ್ಟಿದ್ದಳೋ ಇಷ್ಟು ವರ್ಷ. ಮರದ ತಲೆಯ ಮೇಲೆ ಬೋರಲು ಹಾಕಿ, ಗಾಳಿಯಾಡಲು ಕೆಳಗೆ ಎರಡು ಕಡ್ಡಿ ಕೊಟ್ಟು ಕಟ್ಟಿದೆ.

ನೀನು ಎಳೆದದ್ದು ಒಳ್ಳೆಯದೇ ಆಯಿತು ಅಂದೆ. ಗೊತ್ತು ಅಂದಳು.

ಆಗಸ್ಟ್ ೧೬

ಇಬ್ಬರೂ ಮಾವನ ಸಮಾಧಿಗೆ ಹೋಗಿ ಬಂದೆವು. ಎದುರುಮನೆಯ ಮಕ್ಕಳು ನಮ್ಮ ತಾಳೆಗೆ ಟೋಪಿ ಅಜ್ಜ ಎಂದು ಹೆಸರಿಟ್ಟಿದ್ದಾರೆ. ಇಡಲಿ. ತೂತು ಒಣಗಿದೆ. ಒಳಗೆ ಕತ್ತಲೆ, ಬೇರೇನೂ ಇಲ್ಲ.

ಸೆಪ್ಟೆಂಬರ್ ೨೨

ಗೆನ್ಶೋ ಅಳತೆಯ ದಾರ ತಂದಿದ್ದರು. ಕೈ ಮುಗಿದು, ಮರದ ಹತ್ತಿರ ಹೋಗದೆ ದೂರದಿಂದಲೇ ಅಂದಾಜು ಮಾಡಿದರು. ನಾಳೆ ಹಿಗಾನಿನ ನಡುವಿನ ದಿನ, ತೊರಾಜಿ ಬರುತ್ತಾನೆ.

ಕೊಡಬೇಕಾಗಿ ಬಂದರೆ ವರ್ಷದ ಕೊನೆಯ ರಾತ್ರಿ ಮೊದಲ ಹೊಡೆತ ನನ್ನದು ಅಂದಳು ಸೆತ್ಸು. ಅಪ್ಪನಿಗೆ ಕೇಳಿಸುವಷ್ಟು ಜೋರಾಗಿ ಹೊಡೆಯುತ್ತಾಳಂತೆ. ಅವಳು ಸೋತ ದನಿಯಲ್ಲಿ ಹೇಳಿದ್ದರೆ ನಾನೂ ಸೋಲುತ್ತಿದ್ದೆನೇನೋ. ಹಾಗೆ ಹೇಳಲಿಲ್ಲ.

ಸೆಪ್ಟೆಂಬರ್ ೨೩, ಬೆಳಿಗ್ಗೆ ೬

ಬೋಗುಣಿ ಎತ್ತಿದೆ. ತೂತಿನಲ್ಲಿ ಹಸಿರು.

ಉಗುರಿನಷ್ಟು. ಸುಕ್ಕು. ಇಸ್ತ್ರಿಪೆಟ್ಟಿಗೆ ಮರೆತು ಇಟ್ಟ ಬಟ್ಟೆಯಂತೆ ತುದಿ ಸುಟ್ಟಿದೆ. ಆದರೂ ಹಸಿರೇ. ಗೆರೆ ಎಳೆಯಲು ಮೂರು ಸಲ ಬೇಕಾಯಿತು. ಹೊಸದರ ಮೇಲೆ ಅರ್ಧ, ಪಕ್ಕದ ದಂಟಿನ ಮೇಲೆ ಅರ್ಧ.

ಅದೇ ದಿನ, ಮಧ್ಯಾಹ್ನ

ಹತ್ತಕ್ಕೆ ತೊರಾಜಿ, ಗೆನ್ಶೋ ಇಬ್ಬರೂ ಬಂದರು. ತೊರಾಜಿ ಹತ್ತಿ ನೋಡಿ, ಪಾಚಿ ಅಂದ. ಪಾಚಿಯಲ್ಲದಿದ್ದರೂ ಸಾಯುವ ಮೊದಲಿನ ಕೊನೆಯ ಉಸಿರು ಅಂದ. ಮಾತು ಗೆರೆಯದು, ಗೆರೆ ಒಡೆದಿಲ್ಲ, ಗರಗಸ ತಗೋ ಅಂದ.

ಏಣಿಯ ಬುಡದಲ್ಲಿ ಕೂತೆ. ಅಲ್ಲೇ ಕೂತು ಗೆನ್ಶೋರನ್ನು ಕೇಳಿದೆ.

"ಗುರುಗಳೇ, ಹಿಗಾನ್ ಅಂದ್ರೆ ಎಷ್ಟು ದಿನ?"

ಗುರುಗಳು ಒಮ್ಮೆ ತೊರಾಜಿಯನ್ನು ನೋಡಿದರು, ಒಮ್ಮೆ ಕಾಂಡವನ್ನು ನೋಡಿದರು. ದಿಮ್ಮಿ ಬೇಕಿತ್ತು ಅವರಿಗೆ, ಪಾಪ.

"ಏಳು. ನಡುವಿನ ದಿನಕ್ಕೆ ಮೂರು ಹಿಂದೆ, ಮೂರು ಮುಂದೆ."

ಹಿಗಾನ್‌ವರೆಗೆ ಅಂದಿದ್ದೆ ನಾನು. ನಡುವಿನ ದಿನದವರೆಗೆ ಅಂದಿರಲಿಲ್ಲ. ಹದಿನಾಲ್ಕು ಜನ ಸಾಕ್ಷಿ. ಇನ್ನೂ ಮೂರು ದಿನ ನನ್ನದು. ಇದು ತೋಟಗಾರನ ಮಾತಲ್ಲ, ವಕೀಲನ ಮಾತು ಅಂದ ತೊರಾಜಿ. ಆಗಲಿ. ಪಂಚಾಂಗ ಒಮ್ಮೆ ನನಗೆ ಕೈ ಕೊಟ್ಟಿದೆ, ಈ ಸಲ ಕೈ ಹಿಡಿಯಲಿ.

ಸೀಳಿದ ಹಳೆಯ ದಿಮ್ಮಿಯನ್ನು ನಾಳೆಯೇ ತರಲು ಗೆನ್ಶೋರಿಗೆ ಹೇಳಿದ್ದೇನೆ. ಹಿಮದ ಭಾರಕ್ಕೆ ಪೈನ್ ಕೊಂಬೆಗಳನ್ನು ಎತ್ತಿ ಕಟ್ಟುವ ಹಗ್ಗದಲ್ಲಿ ಅದನ್ನು ಬಿಗಿದು ಕೊಡುತ್ತೇನೆ. ಇನ್ನೂ ಹತ್ತು ವರ್ಷ ಬಾರಿಸಲಿ. ಅದು ಮಾತ್ರ ನನಗೆ ನಿಜವಾಗಿ ಬರುವ ಕೆಲಸ.

ಸೆಪ್ಟೆಂಬರ್ ೨೫

ಹನ್ನೆರಡು ಡಿಗ್ರಿ. ಇಷ್ಟು ಬೇಗ ಚಳಿ. ನೋಡಲಿಲ್ಲ. ಅವಳೂ ನೋಡಬಾರದೆಂದು ಏಣಿಗೆ ಬೀಗ ಹಾಕಿ, ಬೀಗದ ಕೈ ಅವಳಿಗೇ ಕೊಟ್ಟೆ. ನಕ್ಕಳು. ಮಾರ್ಚಿನಿಂದ ಈಚೆಗೆ ಇದೇ ಮೊದಲು.

ಸೆಪ್ಟೆಂಬರ್ ೨೬, ಬೆಳಿಗ್ಗೆ ೫:೪೦

ಕೊನೆಯ ದಿನ. ಎದ್ದಾಗ ಪಕ್ಕದಲ್ಲಿ ಸೆತ್ಸು ಇಲ್ಲ. ಅಂಗಳದಲ್ಲಿ ಏಣಿಯ ಕೆಳಗೆ ನಿಂತಿದ್ದಳು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು. ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು.

"ಹತ್ತಿಲ್ಲ, ಮುಟ್ಟಿಲ್ಲ. ತಗೊಳ್ಳಿ ಬೀಗದ ಕೈ, ನೀವೇ ನೋಡಿ."

ಹತ್ತಿದೆ. ಕನ್ನಡಕ ಮರೆತಿದ್ದೆ. ಇಳಿದೆ. ಮತ್ತೆ ಹತ್ತಿದೆ.

ಗೆರೆ ಎರಡು. ನಡುವೆ ಒಂದು ಅಕ್ಕಿಕಾಳು ಹಿಡಿಸುವಷ್ಟು ಜಾಗ. ನಂಬಲಾಗದೆ ಕೆಳಗಿಳಿದು ಅಡುಗೆಮನೆಯಿಂದ ಒಂದು ಕಾಳು ತಂದು ಇಟ್ಟೇ ನೋಡಿದೆ. ಹಿಡಿಸಿತು. ಈ ಸಲ ನಾನೂ ಎಳೆದೆ, ಮೆಲ್ಲಗೆ, ಎರಡು ಬೆರಳಲ್ಲಿ. ಮಾರ್ಚಿನಲ್ಲೇ ಎಳೆಯಬೇಕಿತ್ತು. ಬಿಡಲಿಲ್ಲ ಅದು.

ಕೆಳಗಿಳಿದೆ. ಅಕ್ಕಿಕಾಳು ಅವಳ ಕೈಗೆ ಕೊಟ್ಟೆ. ಅರ್ಥವಾಯಿತು. ಈಗ ಒಲೆಯ ಮುಂದೆ ಬೆನ್ನು ಹಾಕಿ ನಿಂತಿದ್ದಾಳೆ. ಅಳುತ್ತಿದ್ದಾಳೆ. ಈ ಸಲ ನೋಡಿದೆ.

ಗೇಟಿನ ಸದ್ದು. ತೊರಾಜಿ ಅಣ್ಣ, ಇಷ್ಟು ಬೆಳಿಗ್ಗೆಯೇ. ಗರಗಸವನ್ನು ಹೊಸ ಬಟ್ಟೆಯಲ್ಲಿ ಸುತ್ತಿ ತಂದಿದ್ದಾನೆ. ಅವನನ್ನೇ ಹತ್ತಿಸುತ್ತೇನೆ, ಏಣಿ ನಾನು ಹಿಡಿಯುತ್ತೇನೆ. ನೋಡಲಿ, ಮೂಸಲಿ, ಪಾಚಿಯೋ ಅಲ್ಲವೋ ಅವನೇ ಹೇಳಲಿ. ಬೇಕಾದರೆ ಹಿಡಿದು ಎಳೆಯಲಿ, ಎಷ್ಟು ಬಲವಿದೆಯೋ ಅಷ್ಟೂ ಹಾಕಿ ಎಳೆಯಲಿ, ಅದು ಬಿಡುವುದಿಲ್ಲ.